ಮುಂಬಯಿಯಲ್ಲಿ ಜಾಝ್ ಪಿಯಾನೋ ಟ್ರಿಯೊ: ಸ್ವಂತ ರಚನೆಗಳನ್ನು ಧ್ವನಿಮುದ್ರಿಸುವ ಬಗೆ

ಮಾಟುಂಗ, ಡೊಂಬಿವಲಿ, ಮೀರಾ ರೋಡ್‌ಗಳ ಕನ್ನಡ ಮನೆಗಳಲ್ಲಿ ಬೆಳೆದು, ಪಾಶ್ಚಾತ್ಯ ಸಂಗೀತದ ಪರೀಕ್ಷೆಗಳನ್ನು ಮುಗಿಸಿ, ಆಮೇಲೆ ಜಾಝ್‌ನತ್ತ ಹೊರಳಿದ ವಾದಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದ್ದೇನೆ. ಪಿಯಾನೋ, ಡಬಲ್ ಬಾಸ್, ಡ್ರಮ್ಸ್ ಈ ಮೂರು ವಾದ್ಯಗಳ ಟ್ರಿಯೊ ಈಗಾಗಲೇ ಕೂಡಿಬಂದಿದೆ, ಏಳೆಂಟು ಸ್ವಂತ ರಚನೆಗಳು ಕೈಯಲ್ಲಿವೆ, ಅವನ್ನು ಆಲ್ಬಮ್ ಆಗಿ ಹೊರತರುವ ಆಸೆಯಿದೆ ಎಂದು ಇಟ್ಟುಕೊಳ್ಳೋಣ. ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದರೆ ಮೈಕ್, ಇಂಟರ್‌ಫೇಸ್, ಸಾಫ್ಟ್‌ವೇರ್‌ಗಳ ಪಟ್ಟಿಯನ್ನು ಮುಂದಿಡುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಅವೆಲ್ಲ ಕೊನೆಗೆ ಯೋಚಿಸಬೇಕಾದ ವಿಷಯಗಳು. ಟ್ರಿಯೊ ಸಂಗೀತದ ಜೀವವಿರುವುದು ಮೂವರು ಒಬ್ಬರನ್ನೊಬ್ಬರು ಆ ಕ್ಷಣದಲ್ಲೇ ಕೇಳಿಸಿಕೊಂಡು ಉತ್ತರ ಕೊಡುವುದರಲ್ಲಿ. ಆದ್ದರಿಂದ ಪಿಯಾನೋ, ಕೋಣೆ, ದಿನಾಂಕ, ಕೂರುವ ಜಾಗ, ಖರ್ಚು ಹೀಗೆ ಪ್ರತಿಯೊಂದು ತೀರ್ಮಾನವನ್ನೂ ‘ಇದರಿಂದ ನಾವು ಪರಸ್ಪರ ಚೆನ್ನಾಗಿ ಕೇಳಿಸಿಕೊಳ್ಳಲು ಸಾಧ್ಯವಾಗುತ್ತದೆಯೆ’ ಎಂಬ ಒಂದೇ ಪ್ರಶ್ನೆಯಿಂದ ಅಳೆಯುವುದು ಒಳ್ಳೆಯದು.

ಈ ಮಾತಿಗೆ ಜಾಝ್ ಇತಿಹಾಸದಲ್ಲೇ ಆಧಾರವಿದೆ. 1940ರ ದಶಕದ ಪಿಯಾನೋ ವಾದಕ ನ್ಯಾಟ್ ಕಿಂಗ್ ಕೋಲ್ ಅವರ ಟ್ರಿಯೊದಲ್ಲಿ ಡ್ರಮ್ಸ್ ಇರಲಿಲ್ಲ, ಅದರ ಸ್ಥಾನದಲ್ಲಿ ಗಿಟಾರ್ ಇತ್ತು. ಡ್ರಮ್ಸ್ ಇರುವ ಇಂದಿನ ರೂಪ ಬಳಕೆಗೆ ಬಂದ ಮೇಲೂ ಬಹುಕಾಲ ಬಾಸ್ ಮತ್ತು ಡ್ರಮ್ಸ್‌ಗಳ ಕೆಲಸ ಹೆಚ್ಚಾಗಿ ಪಿಯಾನೋವಿಗೆ ಒತ್ತಾಸೆಯಾಗಿ ನಿಲ್ಲುವುದಷ್ಟೇ ಆಗಿತ್ತು. ಬಿಲ್ ಇವಾನ್ಸ್ (ಪಿಯಾನೋ), ಸ್ಕಾಟ್ ಲಫಾರೊ (ಬಾಸ್) ಮತ್ತು ಪಾಲ್ ಮೋಶನ್ (ಡ್ರಮ್ಸ್) ಅವರ ಟ್ರಿಯೊ ಆ ಅಂತಸ್ತನ್ನು ಅಳಿಸಿ ಮೂರೂ ವಾದ್ಯಗಳನ್ನು ಸಮಾನ ಮಾತುಗಾರರನ್ನಾಗಿ ಮಾಡಿತು. ಆ ತಂಡದ ಅತಿ ಹೆಸರುವಾಸಿಯಾದ ಧ್ವನಿಮುದ್ರಣ ನಡೆದದ್ದು 1961ರ ಜೂನ್ 25ರ ಭಾನುವಾರ, ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ, ಒಂದೇ ದಿನದ ಐದು ಸುತ್ತುಗಳಲ್ಲಿ. ಅದರಲ್ಲಿ ಗ್ಲಾಸುಗಳ ಸದ್ದು, ಶ್ರೋತೃಗಳ ಗುಸುಗುಸು ಎಲ್ಲವೂ ಕೇಳಿಸುತ್ತವೆ. ವಾದ್ಯಗಳ ನಡುವೆ ಗೋಡೆಗಳಿರಲಿಲ್ಲ, ತಪ್ಪಿದ ಸ್ವರವನ್ನು ಆಮೇಲೆ ಬೇರೆಯಾಗಿ ನುಡಿಸಿ ಸೇರಿಸುವ ಅವಕಾಶವೂ ಇರಲಿಲ್ಲ. ಆದರೂ ಆಧುನಿಕ ಟ್ರಿಯೊಗಳು ಇಂದಿಗೂ ಅದನ್ನೇ ಮಾದರಿಯಾಗಿ ಎದುರಿಗಿಟ್ಟುಕೊಳ್ಳುತ್ತವೆ.

ಮುಂಬಯಿಯ ಸ್ಟುಡಿಯೋ, ಮುಂಬಯಿಯ ಪಿಯಾನೋ

ಜಾಝ್‌ಗೆ ಈ ನಗರ ಹೊಸದೇನಲ್ಲ. 1930ರ ದಶಕದಲ್ಲೇ ತಾಜ್ ಮಹಲ್ ಹೋಟೆಲಿನಲ್ಲಿ ಲಿಯೋನ್ ಆಬಿ ಅವರ ತಂಡವೂ ಪಿಯಾನೋ ವಾದಕ ಟೆಡ್ಡಿ ವೆದರ್‌ಫರ್ಡ್ ಅವರೂ ನುಡಿಸಿದ್ದರು. ಮುಂದೆ ಚಿಕ್ ಚಾಕೊಲೆಟ್ ಅವರಂಥ ಗೋವೆಯ ವಾದಕರು ರಾತ್ರಿ ಹೋಟೆಲುಗಳಲ್ಲಿ ಜಾಝ್ ನುಡಿಸಿ, ಹಗಲು ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ದುಡಿಯುತ್ತಿದ್ದರು. 1978ರಲ್ಲಿ ಜಾಝ್ ಯಾತ್ರಾ ಉತ್ಸವ ಆರಂಭವಾದದ್ದೂ ಇಲ್ಲೇ. ಚಿತ್ರಗೀತೆಗಳಿಗೆ ದೊಡ್ಡ ವಾದ್ಯವೃಂದ ಒಟ್ಟಿಗೆ ಕುಳಿತು ನುಡಿಸುತ್ತಿದ್ದ ಕಾಲದಲ್ಲಿ ಇಲ್ಲಿನ ಸ್ಟುಡಿಯೋಗಳಿಗೆ ವಿಶಾಲವಾದ ಹಾಲ್‌ಗಳು ಅನಿವಾರ್ಯವಾಗಿದ್ದವು. ಕೀಬೋರ್ಡ್, ಕಂಪ್ಯೂಟರ್ ಮತ್ತು ಒಬ್ಬೊಬ್ಬರನ್ನೇ ಕರೆದು ಟ್ರ್ಯಾಕ್ ಮಾಡುವ ಪದ್ಧತಿ ಬಂದಮೇಲೆ ಆ ಅಗತ್ಯ ಕುಗ್ಗಿತು. ಹೀಗಾಗಿ ಅಂಧೇರಿಯಿಂದ ಮಲಾಡ್‌ವರೆಗೆ ಸ್ಟುಡಿಯೋ ಫಲಕಗಳು ಎಷ್ಟೇ ಕಂಡರೂ, ಅವುಗಳಲ್ಲಿ ಹೆಚ್ಚಿನವು ಒಬ್ಬ ಗಾಯಕ ಅಥವಾ ಡಬ್ಬಿಂಗ್ ಕಲಾವಿದ ನಿಲ್ಲುವಷ್ಟೇ ಜಾಗದವು. ಗ್ರ್ಯಾಂಡ್ ಪಿಯಾನೋ ಇರುವ, ಅದರ ಪಕ್ಕದಲ್ಲೇ ಡ್ರಮ್ಸ್ ಕೂಡ ಹಿಡಿಸುವ ಕೋಣೆಗಳು ಬೆರಳೆಣಿಕೆಯಷ್ಟು ಮಾತ್ರ.

ಆದ್ದರಿಂದ ಮೊದಲು ಹುಡುಕಬೇಕಾದದ್ದು ಪಿಯಾನೋ, ಆಮೇಲೆ ಸ್ಟುಡಿಯೋ. ಕಂಪೆನಿಯ ಹೆಸರಿಗಿಂತ ವಾದ್ಯದ ಸ್ಥಿತಿ ಮುಖ್ಯ, ಸ್ಥಿತಿಯ ನಂತರ ಉದ್ದ ಮುಖ್ಯ. ಮಂದ್ರದ ತಂತಿಗಳು ಉದ್ದವಾದಷ್ಟೂ ಅವುಗಳ ಸ್ವರ ಸ್ಪಷ್ಟವಾಗುತ್ತದೆ. 227 ಸೆಂಟಿಮೀಟರ್ ಉದ್ದದ ಯಮಾಹಾ ಸಿ7 ಮತ್ತು 186 ಸೆಂಟಿಮೀಟರಿನ ಸಿ3, ಇವೆರಡರಲ್ಲಿ ಎಡಗೈಯ ಒಂದೇ ಸ್ವರಗುಚ್ಛವನ್ನು ನುಡಿಸಿದರೆ ವ್ಯತ್ಯಾಸ ತಾನಾಗಿ ಕೇಳುತ್ತದೆ. ಸ್ಟುಡಿಯೋಕ್ಕೆ ಮುಂಚಿತವಾಗಿ ಹೋಗಿ ಕನಿಷ್ಠ ಒಂದು ಗಂಟೆ ನುಡಿಸಿ ನೋಡಿ. 88 ಕೀಲಿಗಳನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ. ಮೆಲ್ಲಗೆ ಒತ್ತಿದಾಗ ಯಾವುದಾದರೂ ಮೌನವಾಗಿ ಉಳಿದರೆ, ನಿಧಾನಗತಿಯ ರಚನೆಯಲ್ಲಿ ಅದೇ ಕೀಲಿ ಕೈಕೊಡುವುದು ಖಂಡಿತ. ಪೆಡಲನ್ನು ತುಳಿದು ಬಿಟ್ಟು ಕಿರಗುಟ್ಟುವಿಕೆಯನ್ನು ಪರೀಕ್ಷಿಸಿ, ಕೂರುವ ಬೆಂಚನ್ನು ಅಲುಗಾಡಿಸಿ ನೋಡಿ. ಸುತ್ತಿಗೆಗಳ ಉಣ್ಣೆ ಗಟ್ಟಿಯಾಗಿ ತಂತಿಗಳಿಂದ ಲೋಹದ ಸದ್ದು ಏಳುತ್ತಿದ್ದರೆ, ಅದನ್ನು ಮೃದುಗೊಳಿಸಲು ಸ್ಟುಡಿಯೋದವರು ಒಪ್ಪುತ್ತಾರೆಯೆ ಎಂಬುದನ್ನು ಆಗಲೇ ಕೇಳಿಕೊಳ್ಳಿ. ಇವು ಚಿಕ್ಕ ವಿಷಯಗಳೆಂದು ತೋರಬಹುದು, ಆದರೆ ಮುದ್ರಿಸಿದ ವಾದ್ಯಗಳನ್ನು ಆಮೇಲೆ ಹದವಾಗಿ ಬೆರೆಸುವ ಮಿಕ್ಸಿಂಗ್ ಕೋಣೆಯಲ್ಲಿ ಇವುಗಳಿಗೆ ಮದ್ದಿಲ್ಲ.

ಒಳ್ಳೆಯ ಗ್ರ್ಯಾಂಡ್ ಪಿಯಾನೋ ಸಿಗದಿದ್ದರೆ ಏನು ಮಾಡಬೇಕು? ಕೀಬೋರ್ಡಿನಲ್ಲಿ ನುಡಿಸಿ, ಅದಕ್ಕೆ ದುಬಾರಿ ಗ್ರ್ಯಾಂಡ್ ಪಿಯಾನೋದ ಸ್ಯಾಂಪಲ್ (ಮೊದಲೇ ಮುದ್ರಿಸಿಟ್ಟ ಸ್ವರಗಳನ್ನು) ಹೊದಿಸುವುದು ಈಗ ಸುಲಭ. ಚಿತ್ರಸಂಗೀತದಲ್ಲಿ ಅದು ಸಲ್ಲುತ್ತದೆ, ಟ್ರಿಯೊದಲ್ಲಿ ಸಲ್ಲುವುದಿಲ್ಲ ಎಂಬುದು ನನ್ನ ನಿಲುವು, ಏಕೆಂದರೆ ಬಾಸ್ ಮತ್ತು ಸಿಂಬಲ್‌ಗಳ (ಡ್ರಮ್ಸ್‌ನ ಲೋಹದ ತಟ್ಟೆಗಳ) ನಾದ ಕೋಣೆಯ ಗಾಳಿಯಲ್ಲಿ ಹರಡಿರುವಾಗ ಪಿಯಾನೋ ಮಾತ್ರ ಬೇರೆ ಯಾವುದೋ ಕೋಣೆಯಿಂದ ಕೇಳಿಸಿದಂತಾಗುತ್ತದೆ. ಅದಕ್ಕಿಂತ ಚೆನ್ನಾಗಿ ಶ್ರುತಿ ಮಾಡಿದ ಅಪ್‌ರೈಟ್ ಪಿಯಾನೋ ಲೇಸು. ಅದರ ಕೆಳಗಿನ ಮುಂಬದಿಯ ಹಲಗೆಯನ್ನು ಬಿಚ್ಚಿ, ಹಿಂಬದಿಯ ನಾದಫಲಕದ ಕಡೆಗೆ ಒಂದು ಮೈಕ್ ಇಟ್ಟರೆ ಬೆಚ್ಚನೆಯ, ಸ್ವಲ್ಪ ಹಳೆಯ ಕಾಲದ ಧ್ವನಿ ಬರುತ್ತದೆ. ಅಥವಾ ಫೆಂಡರ್ ರೋಡ್ಸ್‌ನಂಥ ಎಲೆಕ್ಟ್ರಿಕ್ ಪಿಯಾನೋವನ್ನು ಎಲೆಕ್ಟ್ರಿಕ್ ಎಂದೇ ಒಪ್ಪಿಕೊಂಡು, ರಚನೆಗಳನ್ನು ಅದಕ್ಕೆ ತಕ್ಕಂತೆ ಮಾರ್ಪಡಿಸಿ ನುಡಿಸಬಹುದು.

ದಿನಾಂಕ ಗೊತ್ತುಪಡಿಸುವಾಗ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲತಡಿಯ ಈ ನಗರದ ಗಾಳಿ ಒದ್ದೆಯಾಗಿರುತ್ತದೆ. ಪಿಯಾನೋದ ಮರದ ನಾದಫಲಕ ತೇವ ಹೀರಿ ಉಬ್ಬಿದಾಗ ತಂತಿಗಳ ಬಿಗಿ ಹೆಚ್ಚಿ ಶ್ರುತಿ ಏರುತ್ತದೆ, ಅದೂ ಎಲ್ಲ ಸ್ಥಾಯಿಗಳಲ್ಲಿ ಸಮನಾಗಿ ಅಲ್ಲ, ಮಧ್ಯಸ್ಥಾಯಿಯಲ್ಲಿ ಹೆಚ್ಚು. ರಾತ್ರಿ ಎಸಿ ಆರಿಸಿ ಬೆಳಗ್ಗೆ ಹಾಕುವ ಸ್ಟುಡಿಯೋದಲ್ಲಿ ಈ ಏರಿಳಿತ ಪ್ರತಿದಿನವೂ ನಡೆಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಒಣ ತಿಂಗಳುಗಳು ಉತ್ತಮ. ಗಣೇಶೋತ್ಸವ, ನವರಾತ್ರಿಗಳ ಧ್ವನಿವರ್ಧಕಗಳೂ ಆ ಹೊತ್ತಿಗೆ ಮುಗಿದಿರುತ್ತವೆ. ಬೇರೆ ದಾರಿಯಿಲ್ಲದೆ ಮಳೆಗಾಲದಲ್ಲೇ ಮಾಡಬೇಕಾದರೆ, ಹಿಂದಿನ ದಿನದಿಂದಲೇ ಎಸಿಯನ್ನು ನಿರಂತರವಾಗಿ ಒಂದೇ ಉಷ್ಣತೆಯಲ್ಲಿ ಓಡಿಸಲು ಒಪ್ಪಂದ ಮಾಡಿಕೊಳ್ಳಿ. ಪಿಯಾನೋ ಟ್ಯೂನರ್‌ಗಳು ಈ ನಗರದಲ್ಲಿ ಕಡಿಮೆ, ಅವರಿಗೆ ಕೆಲಸ ಹೆಚ್ಚು. ಸ್ಟುಡಿಯೋ ಕಾಯ್ದಿರಿಸುವ ದಿನವೇ ಅವರ ದಿನವನ್ನೂ ಕಾಯ್ದಿರಿಸಿ. ಪರಿಚಯವಿಲ್ಲದಿದ್ದರೆ ಧೋಬಿ ತಲಾವ್‌ನ ಫುರ್ಟಾಡೋಸ್‌ನಂಥ ಹಳೆಯ ವಾದ್ಯದಂಗಡಿಗಳಲ್ಲಿ ವಿಚಾರಿಸಬಹುದು. ಪ್ರತಿದಿನ ಬೆಳಗ್ಗೆ ಪೂರ್ಣ ಶ್ರುತಿ, ಮಧ್ಯಾಹ್ನದ ವಿರಾಮದಲ್ಲಿ ಸಣ್ಣ ತಿದ್ದುಪಡಿ ಎಂದು ಅವರೊಡನೆ ಮಾತಾಡಿಕೊಳ್ಳಿ. ಶ್ರುತಿಗೆ ಆಧಾರವಾದ ಎ ಸ್ವರ 440 ಹರ್ಟ್ಸ್ ಇರಬೇಕೋ 442 ಇರಬೇಕೋ ಎಂಬುದನ್ನು ಒಮ್ಮೆ ನಿರ್ಧರಿಸಿದರೆ ಧ್ವನಿಮುದ್ರಣದ ಎರಡೂ ದಿನ ಅದೇ ಇರಲಿ. ಇಲ್ಲವಾದರೆ ಮೊದಲ ದಿನದ ಟೇಕಿಗೆ (ಒಂದು ಸಲ ನುಡಿಸಿ ಮುದ್ರಿಸಿದ್ದಕ್ಕೆ) ಎರಡನೆಯ ದಿನದ ತುಣುಕನ್ನು ಜೋಡಿಸಲಾಗದು.

ಕೋಣೆಯ ನಿಶ್ಶಬ್ದವನ್ನು ರೈಲುಗಳು ಹೆಚ್ಚು ಓಡುವ ಹೊತ್ತಿನಲ್ಲಿ ಪರೀಕ್ಷಿಸಬೇಕು. ಲೋಕಲ್ ರೈಲಿನ, ಮೆಟ್ರೊ ಕಾಮಗಾರಿಯ ಗುಡುಗು ತಗ್ಗು ಕಂಪನಾಂಕಗಳಲ್ಲಿ ಬರುತ್ತದೆ. ಹಾಡುಗಾರಿಕೆಯಾದರೆ ಆ ಭಾಗವನ್ನು ಫಿಲ್ಟರ್‌ನಿಂದ ಕತ್ತರಿಸಿಬಿಡಬಹುದು. ಆದರೆ ಡಬಲ್ ಬಾಸ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲೂ ಪಿಯಾನೋದ ಅತಿ ಕೆಳಗಿನ ಕೀಲಿ 27.5 ಹರ್ಟ್ಸ್‌ನಲ್ಲೂ ನುಡಿಯುವುದರಿಂದ, ರೈಲನ್ನು ಕತ್ತರಿಸಿದರೆ ಸಂಗೀತದ ಬುಡವೂ ಜೊತೆಗೆ ಹೋಗುತ್ತದೆ.

ರಚನೆಗಳನ್ನು ಹದಗೊಳಿಸುವುದು

ಸ್ಟುಡಿಯೋಕ್ಕೆ ಹೋಗುವ ಮೊದಲು ಪ್ರತಿ ರಚನೆಯನ್ನೂ ಶ್ರೋತೃಗಳ ಎದುರು ಕೆಲವು ಬಾರಿಯಾದರೂ ನುಡಿಸಿರಬೇಕು. ಅಭ್ಯಾಸದ ಕೋಣೆಯಲ್ಲಿ ಸುಂದರವಾಗಿ ಕಂಡ ಎರಡು ನಿಮಿಷದ ಪೀಠಿಕೆ ಜನರ ಮುಂದೆ ಎಷ್ಟು ಎಳೆದಂತಾಗುತ್ತದೆ ಎಂಬುದು ಅಲ್ಲಿ ಮಾತ್ರ ಗೊತ್ತಾಗುತ್ತದೆ. ಇವಾನ್ಸ್ ಟ್ರಿಯೊದ ಆ ಭಾನುವಾರ ಕೂಡ ಅದೇ ಕ್ಲಬ್ಬಿನಲ್ಲಿ ನುಡಿಸುತ್ತ ಬಂದಿದ್ದ ದಿನಗಳ ಕೊನೆಯ ದಿನವಾಗಿತ್ತು.

ಪ್ರತಿ ರಚನೆಗೆ ಸಾಧ್ಯವಾದಷ್ಟು ಒಂದೇ ಹಾಳೆಯ ಬರಹವಿರಲಿ: ಮುಖ್ಯ ರಾಗದ (ಮೆಲೊಡಿಯ) ಗೊಂದಲವಿಲ್ಲದೆ ಓದಬಹುದಾದ ಸ್ವರಪಂಕ್ತಿ, ಕಾರ್ಡ್‌ಗಳ ಸಂಕೇತ, ಭಾಗಗಳ ಅಕ್ಷರಗಳು, ಗತಿ, ಯಾರ ಮನೋಧರ್ಮ ಎಷ್ಟು ಆವರ್ತ, ಮತ್ತೆ ಮೂಲ ರಾಗಕ್ಕೆ ಮರಳುವ ಸನ್ನೆ ಯಾರದು. 32 ಮಾತ್ರಾಗಣಗಳ (ಬಾರ್‌ಗಳ) ಹಳೆಯ ಎ-ಎ-ಬಿ-ಎ ಚೌಕಟ್ಟಿನಲ್ಲಿ (ಒಂದು ಭಾಗ ಎರಡು ಸಲ, ಬೇರೊಂದು ಭಾಗ, ಮತ್ತೆ ಮೊದಲಿನದು) ಇದನ್ನೆಲ್ಲ ಬರೆಯದಿದ್ದರೂ ನಡೆದೀತು, ಏಕೆಂದರೆ ಎಲ್ಲರ ಕೈಗೂ ಅದು ರೂಢಿಯಾಗಿದೆ. ಸ್ವಂತ ರಚನೆಗಳ ಚೌಕಟ್ಟು ಒಂದೊಂದೂ ಬೇರೆಯಾಗಿರುವುದರಿಂದ, ಆವರ್ತದ ಲೆಕ್ಕವನ್ನು ತಲೆಯಲ್ಲಿ ಹೊತ್ತುಕೊಂಡಿರುವ ವಾದಕನಿಗೆ ಪಕ್ಕದವರ ನುಡಿಕೆ ಕಿವಿಗೆ ಬೀಳುವುದಿಲ್ಲ.

ನಮ್ಮ ಕಿವಿಯಲ್ಲಿ ಬೇರೂರಿದ ತಾಳಗಳು ಇಲ್ಲಿ ದೊಡ್ಡ ಆಸ್ತಿ. ಮೂರು ಮತ್ತು ನಾಲ್ಕಾಗಿ ಒಡೆಯುವ ಮಿಶ್ರಛಾಪು, ಎರಡು ಮತ್ತು ಮೂರಾಗಿ ಒಡೆಯುವ ಖಂಡಛಾಪುಗಳನ್ನು ರೈಡ್ ಸಿಂಬಲ್‌ನ ಮೇಲೆ ಹರಿಸಿದಾಗ, ಏಳು ಮತ್ತು ಐದರ ಎಣಿಕೆಗಳು ಲೆಕ್ಕದಂತೆ ಕೇಳಿಸದೆ ನಡಿಗೆಯಂತೆ ಕೇಳಿಸುತ್ತವೆ. ಆದರೆ ಮೂರು ಸಲ ಮರುಕಳಿಸಿ ಸಮಕ್ಕೆ ಬಂದು ಬೀಳುವ ಮುಕ್ತಾಯವನ್ನು ಇಡುವುದಾದರೆ ಅದನ್ನು ಬರೆದು, ಕಂಠಪಾಠ ಮಾಡಿ, ಮೂವರೂ ಒಂದೇ ಬಾಯಲ್ಲಿ ಕೊನ್ನಕೋಲು (ತಾಳದ ಸೊಲ್ಲುಗಳನ್ನು) ಹೇಳಿ ಗಟ್ಟಿಮಾಡಿಕೊಂಡು ಬನ್ನಿ. ಸ್ಟುಡಿಯೋದಲ್ಲಿ ಅತಿ ಹೆಚ್ಚು ಹೊತ್ತನ್ನು ನುಂಗುವುದು ಇಂಥ ಜಾಗಗಳೇ. ರಾಗಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಪಿಯಾನೋದ ಸ್ವರ ಸ್ಥಿರವಾದದ್ದು, ಅದರಲ್ಲಿ ಗಮಕ ಬಾರದು. ತೋಡಿಯನ್ನೋ ಶುಭಪಂತುವರಾಳಿಯನ್ನೋ ಬಲಗೈಯಲ್ಲಿ ಬರಿಯ ಸ್ವರಗಳಾಗಿ ನುಡಿಸಿದರೆ ಅದು ಸ್ವರಶ್ರೇಣಿಯ ಅಭ್ಯಾಸದಂತೆ ಕೇಳಿಸುತ್ತದೆ. ಟ್ರಿಯೊದಲ್ಲಿ ಜಾರುವ, ತೂಗುವ ಶಕ್ತಿಯಿರುವುದು ಮೆಟ್ಟಿಲುಗಳಿಲ್ಲದ ಬಾಸ್‌ಗೆ. ಅಂಥ ಭಾಗವನ್ನು ಬಾಸ್‌ಗೆ ಒಪ್ಪಿಸಿ ಪಿಯಾನೋ ಹಿಂದೆ ಸರಿದರೆ ರಾಗಕ್ಕೂ ನ್ಯಾಯ ದೊರೆಯುತ್ತದೆ, ಆಲ್ಬಮ್‌ಗೆ ಬೇಕಾದ ವೈವಿಧ್ಯವೂ ಸಿಗುತ್ತದೆ.

ಮಿಕ್ಸಿಂಗ್‌ನಲ್ಲಿ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ರಚನೆಯಲ್ಲೇ ಹುಟ್ಟಿರುತ್ತವೆ. ಒಬ್ಬನೇ ಕುಳಿತು ರಚಿಸುವ ಪಿಯಾನೋ ವಾದಕ ಅಭ್ಯಾಸಬಲದಿಂದ ಎಡಗೈಯಲ್ಲಿ ಬಾಸ್‌ನ ಕೆಲಸವನ್ನೂ ತಾನೇ ಮಾಡಿಬಿಡುತ್ತಾನೆ. ಬಾಸ್, ಕಿಕ್ ಡ್ರಮ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್), ಎಡಗೈ ಮೂರೂ ಒಂದೇ ತಗ್ಗಿನಲ್ಲಿ ಸೇರಿದಾಗ ಉಂಟಾಗುವ ಕಲಸುಮೇಲೋಗರವನ್ನು ಯಾವ ಇಕ್ವಲೈಸರೂ ಬಿಡಿಸಲಾರದು. ಎಡಗೈ ಮಧ್ಯ ಸಿ ಸ್ವರದಿಂದ ಒಂದು ಸ್ಥಾಯಿಗಿಂತ ಕೆಳಗೆ ಇಳಿಯುವುದು ವಿಶೇಷ ಸಂದರ್ಭಗಳಲ್ಲಿ ಮಾತ್ರ ಎಂಬ ನಿಯಮವನ್ನು ಹಾಕಿಕೊಂಡು ಒಮ್ಮೆ ನುಡಿಸಿ ನೋಡಿ. ಬಾಸ್ ವಾದಕನ ಮುಖ ಅರಳುವುದನ್ನು ಕಾಣುವಿರಿ.

ಕೂರುವ ಜಾಗ ಮತ್ತು ಮೈಕ್‌ಗಳು

ಈಗ ಮುಖ್ಯ ತೀರ್ಮಾನಕ್ಕೆ ಬರೋಣ: ಮೂವರೂ ಒಂದೇ ಕೋಣೆಯಲ್ಲಿ ಕೂರುವುದೋ, ಗಾಜಿನ ಹಿಂದೆ ಬೇರೆ ಬೇರೆಯಾಗಿ ಕೂರುವುದೋ? ಬೇರೆ ಕೂತರೆ ಪ್ರತಿ ವಾದ್ಯದ ಟ್ರ್ಯಾಕ್ ಶುದ್ಧವಾಗಿರುತ್ತದೆ, ತಪ್ಪನ್ನು ಆಮೇಲೆ ತಿದ್ದಬಹುದು. ಎಂಜಿನಿಯರ್‌ಗಳು ಸಾಮಾನ್ಯವಾಗಿ ಇದನ್ನೇ ಸೂಚಿಸುತ್ತಾರೆ, ಅವರ ದೃಷ್ಟಿಯಿಂದ ಅದು ಸರಿಯೂ ಹೌದು. ಆದರೆ ಆಗ ಪ್ರತಿಯೊಬ್ಬರೂ ಕೇಳುವುದು ಹೆಡ್‌ಫೋನ್‌ನೊಳಗೆ ಬೇರೊಬ್ಬರು ಹದಮಾಡಿ ಕಳುಹಿಸಿದ ಧ್ವನಿಯನ್ನು. ಡ್ರಮ್ಸ್ ವಾದಕನ ಕೈಯ ಬ್ರಷ್‌ನ ಒತ್ತು ಒಂದಿಷ್ಟು ಕಡಿಮೆಯಾದರೆ ಪಿಯಾನೋ ತಾನೂ ತಗ್ಗುವ ಸೂಕ್ಷ್ಮ ಅಲ್ಲಿ ಮೊದಲು ಮಾಯವಾಗುತ್ತದೆ. ಕೋಣೆ ತಕ್ಕಮಟ್ಟಿಗೆ ದೊಡ್ಡದಿದ್ದು ಡ್ರಮ್ಸ್ ವಾದಕನಿಗೆ ಮೆಲ್ಲಗೆ ನುಡಿಸುವ ಶಕ್ತಿಯಿದ್ದರೆ (ಜೋರಾಗಿ ನುಡಿಸುವುದಕ್ಕಿಂತ ಅದು ಕಷ್ಟ) ಒಂದೇ ಕೋಣೆಯಲ್ಲಿ, ಸಾಧ್ಯವಾದರೆ ಹೆಡ್‌ಫೋನ್ ಇಲ್ಲದೆ, ಕೂರುವುದನ್ನೇ ನಾನು ಶಿಫಾರಸು ಮಾಡುತ್ತೇನೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಒಬ್ಬರ ತಪ್ಪು ಮೂವರ ಟೇಕನ್ನೂ ಕೆಡಿಸುತ್ತದೆ ಎಂಬುದು. ಆ ಬೆಲೆಯನ್ನು ತೆರಲು ಮೂವರೂ ಮನಃಪೂರ್ವಕವಾಗಿ ಒಪ್ಪಿರಬೇಕು.

ಗ್ರ್ಯಾಂಡ್ ಪಿಯಾನೋದ ಮುಚ್ಚಳ ವಾದಕನ ಬಲಬದಿಗೆ ತೆರೆದುಕೊಳ್ಳುತ್ತದೆ. ಆದ್ದರಿಂದ ಡ್ರಮ್ಸ್ ಅನ್ನು ಎಡಬದಿಗೆ, ಎತ್ತಿದ ಮುಚ್ಚಳದ ಬೆನ್ನಿಗೆ ಇಟ್ಟರೆ ಮುಚ್ಚಳವೇ ಅರ್ಧ ಗೋಡೆಯ ಕೆಲಸ ಮಾಡುತ್ತದೆ. ಬಾಸ್ ವಾದಕ ಇಬ್ಬರಿಗೂ ಕಾಣುವಂತೆ, ಪಿಯಾನೋ ವಾದಕನ ಎಡಗೈ ಕಣ್ಣಿಗೆ ಬೀಳುವಂತೆ ನಿಲ್ಲಲಿ. ಕಣ್ಣೋಟ ತಪ್ಪದ ಹಾಗೆ ಎದೆಮಟ್ಟದ ಅಡ್ಡತಟ್ಟಿಗಳನ್ನು ನಡುವೆ ನಿಲ್ಲಿಸಬಹುದು. ಡ್ರಮ್ಸ್‌ನ ಹಿಂದಿನ ಗೋಡೆಗೆ ದಪ್ಪ ರಜಾಯಿ ತೂಗುಹಾಕಿದರೂ ಸಾಕಷ್ಟು ಸದ್ದು ಅಡಗುತ್ತದೆ. ಧ್ವನಿ ಒಂದು ಮೀಟರ್ ದೂರ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕಾಗುವುದರಿಂದ, ಒಬ್ಬರಿಗೊಬ್ಬರು ಮೂರು ಮೀಟರಿಗಿಂತ ಹೆಚ್ಚು ದೂರ ಹೋಗದಂತೆ ನೋಡಿಕೊಂಡರೆ ಲಯ ಬಿಗಿಯಾಗಿ ನಿಲ್ಲುತ್ತದೆ.

ಎಂಟು ಮೈಕ್‌ಗಳಿಗಿಂತ ಹೆಚ್ಚು ಬೇಡ. ಪಿಯಾನೋವಿಗೆ ಎರಡು ಕಂಡೆನ್ಸರ್ ಮೈಕ್‌ಗಳನ್ನು ಸುತ್ತಿಗೆಗಳ ಆಚೆ, ತಂತಿಗಳಿಂದ 30–40 ಸೆಂಟಿಮೀಟರ್ ಮೇಲೆ, ಒಂದು ಮಂದ್ರದ ಕಡೆಗೂ ಇನ್ನೊಂದು ತಾರದ ಕಡೆಗೂ ಇಡಬಹುದು. ಡ್ರಮ್ಸ್ ಮೃದುವಾಗಿದ್ದರೆ ಮೈಕ್‌ಗಳನ್ನು ಮುಚ್ಚಳದ ಹೊರಗೆ, ವಾದ್ಯದ ಬಾಗಿನ ಎದುರು, ಒಂದರಿಂದೊಂದು 17 ಸೆಂಟಿಮೀಟರ್ ಅಂತರ ಮತ್ತು 110 ಡಿಗ್ರಿ ಕೋನದಲ್ಲಿ ಜೋಡಿಸುವ ಓಆರ್‌ಟಿಎಫ್ ಕ್ರಮ ಹೆಚ್ಚು ಸಹಜವಾದ ಧ್ವನಿ ಕೊಡುತ್ತದೆ. ಬಾಸ್‌ಗೆ ತಂತಿಗಳನ್ನು ಹೊರುವ ಕುದುರೆಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಮೇಲಕ್ಕೆ ಒಂದು ಮೈಕ್ ಸಾಕು. ರಿಬ್ಬನ್ ಮೈಕ್ ಇದ್ದರೆ ಅದು ತನ್ನ ಎರಡೂ ಪಕ್ಕಗಳಿಂದ ಬರುವ ಸದ್ದನ್ನು ಕೇಳಿಸಿಕೊಳ್ಳುವುದಿಲ್ಲವಾದ್ದರಿಂದ, ಒಂದು ಪಕ್ಕವನ್ನು ಡ್ರಮ್ಸ್‌ನತ್ತ ತಿರುಗಿಸಿದರೆ ಸೋರಿಕೆ ಬಹಳ ಕಡಿಮೆಯಾಗುತ್ತದೆ. ಬಾಸ್‌ನ ಕಂಪನವನ್ನು ನೇರವಾಗಿ ಹಿಡಿಯುವ ಪಿಕಪ್‌ನಿಂದ ನೇರ ಸಂಪರ್ಕವನ್ನೂ ಬೇರೆ ಟ್ರ್ಯಾಕ್‌ನಲ್ಲಿ ತೆಗೆದಿಡಿ, ಆದರೆ ಅದನ್ನು ಆಪತ್ತಿಗೆ ಮೀಸಲಿಡಿ. ಪಿಕಪ್ ಒಂದನ್ನೇ ನೆಚ್ಚಿದ ಬಾಸ್ ಧ್ವನಿ ರಬ್ಬರಿನಂತೆ ಕೇಳಿಸುತ್ತದೆ. ಡ್ರಮ್ಸ್‌ಗೆ ಮೇಲಿನಿಂದ ಎರಡು, ಕಿಕ್‌ಗೆ ಒಂದು, ಬ್ರಷ್ ಕೆಲಸ ಹೆಚ್ಚಿದ್ದರೆ ಸ್ನೇರ್ ಎಂಬ ಚಿಕ್ಕ ಡ್ರಮ್‌ಗೆ ಒಂದು. ಮೇಲಿನ ಎರಡೂ ಮೈಕ್‌ಗಳು ಸ್ನೇರ್‌ನಿಂದ ಸಮಾನ ದೂರದಲ್ಲಿವೆಯೆ ಎಂದು ಒಂದು ದಾರ ಹಿಡಿದು ಅಳೆದು ನೋಡಿ.

ಎಲ್ಲ ಮೈಕ್‌ಗಳನ್ನೂ ಒಮ್ಮೆಗೇ ತೆರೆದು, ಒಂದೊಂದರ ಫೇಸ್ ಗುಂಡಿಯನ್ನು (ಧ್ವನಿಯ ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ ಕೇಳಿ. ಯಾವ ಸ್ಥಿತಿಯಲ್ಲಿ ಬಾಸ್ ದಪ್ಪವಾಗಿ ಕೇಳಿಸುತ್ತದೋ ಅದು ಸರಿಯಾದ ಸ್ಥಿತಿ. ಪಿಯಾನೋ ಮೈಕ್‌ನಲ್ಲಿ ಸಿಂಬಲ್ ಸೋರಿದರೆ ಗಾಬರಿ ಬೇಡ. ಆ ಸೋರಿದ ಸಿಂಬಲ್ ಕೇಳಲು ಹಿತವಾಗಿದ್ದರೆ ಮೂರು ವಾದ್ಯಗಳನ್ನು ಒಂದೇ ಕೋಣೆಯಲ್ಲಿ ಹಿಡಿದಿಡುವ ಅಂಟು ಅದೇ. ಕರ್ಕಶವಾಗಿದ್ದರೆ ಮೈಕ್ ಬದಲಿಸುವುದಕ್ಕಿಂತ ಸಿಂಬಲ್ ಬದಲಿಸುವುದು ಬೇಗ ಫಲ ಕೊಡುತ್ತದೆ. 24 ಬಿಟ್, 48 ಅಥವಾ 96 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿ, ಅತಿ ಜೋರಿನ ಕ್ಷಣವೂ ಮೈನಸ್ 10 ಡೆಸಿಬೆಲ್ ದಾಟದಂತೆ ಮಟ್ಟವನ್ನು ಇಡಿ. 24 ಬಿಟ್‌ನಲ್ಲಿ ಸದ್ದಿನ ತಳ ಅಷ್ಟು ಕೆಳಗಿರುವುದರಿಂದ ಮಟ್ಟವನ್ನು ಕೆಂಪುಗೆರೆಯ ಹತ್ತಿರ ಒಯ್ಯಬೇಕಾದ ಕಾರಣವೇ ಇಲ್ಲ.

ಧ್ವನಿಮುದ್ರಣದ ದಿನ

ಎಂಟು ರಚನೆಗಳಿಗೆ ಎರಡು ದಿನ ಸಾಕು. ಮುಂಬಯಿಯ ಅನೇಕ ಸ್ಟುಡಿಯೋಗಳು ಶಿಫ್ಟ್ ಲೆಕ್ಕದಲ್ಲಿ ಹಣ ಪಡೆಯುತ್ತವೆ. ವಾದ್ಯ ಜೋಡಿಸುವ ಹೊತ್ತು, ಟ್ಯೂನರ್ ಕೆಲಸ ಮಾಡುವ ಹೊತ್ತು ಶಿಫ್ಟಿನೊಳಗೋ ಹೊರಗೋ, ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಡಬಲ್ ಬಾಸ್ ಅನ್ನು ಜನಜಂಗುಳಿ ಇಲ್ಲದ ಹೊತ್ತಿನಲ್ಲಿ ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ತರುವವರಿದ್ದಾರೆ. ಈ ಒಂದು ದಿನಕ್ಕಾದರೂ ಟೆಂಪೊ ಗಾಡಿ ಗೊತ್ತುಮಾಡಿ. ಹಿಂದಿನ ಸಂಜೆಯೇ ಅದು ಸ್ಟುಡಿಯೋ ತಲುಪಿದರೆ ಅದರ ಮರವೂ ಎಸಿಯ ಗಾಳಿಗೆ ಒಗ್ಗಿಕೊಳ್ಳುತ್ತದೆ.

ಮೊದಲ ಟೇಕ್ ಆಲ್ಬಮ್‌ಗೆ ಸೇರದ ಯಾವುದಾದರೂ ಮಧ್ಯಮಗತಿಯ ಬ್ಲೂಸ್ ಆಗಿರಲಿ. ಅದನ್ನು ಮುದ್ರಿಸಿ, ಮೂವರೂ ಕಂಟ್ರೋಲ್ ರೂಮಿಗೆ ಹೋಗಿ ಒಟ್ಟಿಗೆ ಕೇಳಿ, ಕೂರುವ ಜಾಗ ಮತ್ತು ಮೈಕ್‌ಗಳನ್ನು ಸರಿಪಡಿಸಿಕೊಳ್ಳಿ. ಅನಂತರ ಬುದ್ಧಿ ಚುರುಕಾಗಿರುವ ಹೊತ್ತಿಗೇ ಅತಿ ಕಷ್ಟದ ರಚನೆಯನ್ನು ತೆಗೆದುಕೊಳ್ಳಿ. ನುಡಿಸುವಾಗ ಕಿವಿಯಲ್ಲಿ ಎಡೆಬಿಡದೆ ತಾಳ ಬಡಿಯುವ ಕ್ಲಿಕ್ ಟ್ರ್ಯಾಕ್ ಬೇಡ. ಆದರೆ ಪ್ರತಿ ರಚನೆಯ ಗತಿಯನ್ನು ಮೆಟ್ರೊನೋಮ್ ಅಂಕೆಯಾಗಿ ಬರೆದಿಟ್ಟುಕೊಂಡು, ಪ್ರತಿ ಟೇಕ್‌ಗೂ ಮುನ್ನ ಮೆಟ್ರೊನೋಮ್‌ನಲ್ಲಿ ನಾಲ್ಕು ಮಾತ್ರೆ ಕೇಳಿ ಅದನ್ನು ನಿಲ್ಲಿಸಿಬಿಡಿ. ಹೀಗೆ ಮಾಡಿದರೆ ಗತಿ ಉಸಿರಾಡುತ್ತದೆ, ಟೇಕ್‌ಗಳು ಒಂದಕ್ಕೊಂದು ಹೊಂದಿಕೆಯೂ ಆಗುತ್ತವೆ. ಊಟದ ವಿಷಯದಲ್ಲಿ ಒಂದು ಮಾತು: ಮಧ್ಯಾಹ್ನ ಬಾಳೆಯೆಲೆಯ ಪೂರ್ತಿ ಊಟ ಮುಗಿಸಿ ಬಂದ ಟ್ರಿಯೊ ನಿಧಾನಗತಿಯನ್ನು ಇನ್ನಷ್ಟು ನಿಧಾನವಾಗಿ ನುಡಿಸುತ್ತದೆ. ಉಡುಪಿ ಹೋಟೆಲನ್ನು ರಾತ್ರಿಗೆ ಇಟ್ಟುಕೊಳ್ಳಿ.

ಒಂದು ರಚನೆಗೆ ಮೂರು ಟೇಕ್. ಅಷ್ಟರಲ್ಲಿ ಬಾರದಿದ್ದರೆ ಬೇರೆ ರಚನೆಗೆ ಹೋಗಿ, ಸಂಜೆ ಅಥವಾ ಮರುದಿನ ಮತ್ತೆ ಬನ್ನಿ. ನಾಲ್ಕನೆಯದರಿಂದ ಮುಂದೆ ಸಾಮಾನ್ಯವಾಗಿ ತಪ್ಪುಗಳು ಕಡಿಮೆಯಾಗುತ್ತವೆ, ಜೊತೆಗೆ ಕುತೂಹಲವೂ ಕಡಿಮೆಯಾಗುತ್ತದೆ. ಪ್ರತಿ ಟೇಕ್ ಆದಮೇಲೂ ಕೇಳಲು ಕೂತರೆ ದಿನವೆಲ್ಲ ಅದರಲ್ಲೇ ಕಳೆಯುವುದು. ಇದಕ್ಕಾಗಿಯೇ ನುಡಿಸದ ನಾಲ್ಕನೆಯ ವ್ಯಕ್ತಿಯೊಬ್ಬರನ್ನು, ಮೂವರೂ ನಂಬುವಂಥವರನ್ನು, ಕಂಟ್ರೋಲ್ ರೂಮಿನಲ್ಲಿ ಹಾಳೆ ಹಿಡಿದು ಕೂರಿಸಬೇಕು. ‘ಎರಡನೆಯ ಟೇಕ್, ಬಾಸ್ ಸೋಲೊ ಉತ್ತಮ, ಮುಕ್ತಾಯ ಜಾರಿದೆ’ ಎಂಬಂತೆ ಅವರು ಬರೆದ ಟಿಪ್ಪಣಿಗಳು ಆಮೇಲೆ ವಾರಗಟ್ಟಲೆ ಹೊತ್ತನ್ನು ಉಳಿಸುತ್ತವೆ. ಕೊನೆಯ ಸ್ವರದ ಬಳಿಕ ಸಿಂಬಲ್‌ನ ನಾದ ಪೂರ್ತಿ ಅಡಗುವವರೆಗೆ ಯಾರೂ ಅಲುಗಾಡಬಾರದು, ‘ವಾಹ್’ ಎನ್ನಬಾರದು. ಕೋಣೆಯ ಬರಿಯ ಮೌನವನ್ನೂ ಒಂದು ನಿಮಿಷ ಮುದ್ರಿಸಿಟ್ಟುಕೊಳ್ಳಿ. ಜೋಡಣೆಯ ಸಂದುಗಳಲ್ಲಿ ಅದು ಬೇಕಾಗುತ್ತದೆ.

ಜೋಡಣೆ, ಮಿಕ್ಸಿಂಗ್, ಮಾಸ್ಟರಿಂಗ್

ಒಂದೆರಡು ವಾರ ಬಿಟ್ಟು ಕೇಳಿದರೆ ಟೇಕ್ ಆರಿಸುವುದು ಸುಲಭವಾಗುತ್ತದೆ. ತನ್ನ ಸೋಲೊ ಯಾವುದರಲ್ಲಿ ಚೆನ್ನಾಗಿದೆ ಎಂದು ಪ್ರತಿಯೊಬ್ಬರೂ ಹುಡುಕುವುದು ಸಹಜ, ಆದರೆ ಆರಿಸಬೇಕಾದದ್ದು ಮೂವರ ಮಾತುಕತೆ ಜೀವಂತವಾಗಿರುವ ಟೇಕನ್ನು. ಒಂದೇ ಕೋಣೆಯಲ್ಲಿ ಮುದ್ರಿಸಿದ್ದರಿಂದ ಒಂದು ವಾದ್ಯವನ್ನು ಮಾತ್ರ ಕತ್ತರಿಸಲಾಗದು. ಮೂರನ್ನೂ ಒಟ್ಟಿಗೆ, ರಚನೆಯ ಭಾಗಗಳು ಸೇರುವ ಜಾಗದಲ್ಲಿ, ಸಿಂಬಲ್ ಹೊಸದಾಗಿ ಬಡಿಯುವ ಕ್ಷಣಕ್ಕೆ ಒಂದಿಷ್ಟು ಮೊದಲು ಕತ್ತರಿಸಿ ಇನ್ನೊಂದು ಟೇಕ್‌ಗೆ ಜೋಡಿಸಿದರೆ ಕಿವಿಗೆ ಗೊತ್ತಾಗುವುದಿಲ್ಲ.

ಮಿಕ್ಸಿಂಗ್ ಆರಂಭಿಸುವಾಗ ಒಂದು ಪ್ರಶ್ನೆ ಇತ್ಯರ್ಥವಾಗಲಿ: ಕೇಳುಗ ಕೂತಿರುವುದು ಪಿಯಾನೋ ಬೆಂಚಿನ ಮೇಲೋ, ಸಭೆಯಲ್ಲೋ? ಬೆಂಚಿನ ಮೇಲಾದರೆ ಮಂದ್ರ ಎಡಕ್ಕೆ, ತಾರ ಬಲಕ್ಕೆ. ಸಭೆಯಿಂದಾದರೆ ಪಿಯಾನೋ ಅಷ್ಟು ಅಗಲವಾಗಿ ಹರಡಬಾರದು. ಎರಡೂ ಸರಿಯೇ, ಆದರೆ ಆಲ್ಬಮ್ ಪೂರ್ತಿ ಒಂದೇ ಇರಬೇಕು. ಜೋರು ಮತ್ತು ಮೆಲುದನಿಗಳ ಅಂತರವನ್ನು ಕುಗ್ಗಿಸುವ ಕಂಪ್ರೆಶನ್ ಬಹಳ ಕಡಿಮೆ ಸಾಕು. ಬಿಡುಗಡೆಗೆ ಮುಂಚಿನ ಕೊನೆಯ ಹದವಾದ ಮಾಸ್ಟರಿಂಗ್‌ನಲ್ಲಿ ಧ್ವನಿಯನ್ನು ಚಿತ್ರಗೀತೆಯಷ್ಟು ಜೋರಾಗಿಸಬೇಕೆಂಬ ಒತ್ತಾಯಕ್ಕೆ ಮಣಿಯಬೇಡಿ. ಸ್ಪಾಟಿಫೈ ಸುಮಾರು ಮೈನಸ್ 14, ಆಪಲ್ ಮ್ಯೂಸಿಕ್ ಸುಮಾರು ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ) ಮಟ್ಟಕ್ಕೆ ಹಾಡುಗಳನ್ನು ಸರಿದೂಗಿಸುವುದರಿಂದ, ಹಿಸುಕಿ ಜೋರಾಗಿಸಿದ ಆಲ್ಬಮ್ ಅಲ್ಲಿ ತಗ್ಗಿಹೋಗುತ್ತದೆ. ಕಳೆದುಕೊಂಡ ಏರಿಳಿತ ಮಾತ್ರ ಮರಳಿ ಬರುವುದಿಲ್ಲ. ಟ್ರಿಯೊ ಸಂಗೀತಕ್ಕೆ ಮೈನಸ್ 18ರಿಂದ 16ರ ಆಸುಪಾಸು ಹಿತವಾಗಿರುತ್ತದೆ.

ಹಕ್ಕು, ಬಿಡುಗಡೆ

ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಸಂಗೀತ ರಚನೆ ಒಂದು ಕೃತಿ, ಅದರ ಧ್ವನಿಮುದ್ರಣ ಇನ್ನೊಂದು ಕೃತಿ. ರಚನೆಯ ಹಕ್ಕು ಸಂಗೀತ ರಚಿಸಿದವರದು, ಅವರ ಜೀವಿತಾವಧಿ ಮತ್ತು ನಂತರದ 60 ವರ್ಷ ಉಳಿಯುತ್ತದೆ. ಧ್ವನಿಮುದ್ರಣದ ಹಕ್ಕು ನಿರ್ಮಾಪಕರದು, ಪ್ರಕಟವಾದ ನಂತರ 60 ವರ್ಷ. ಸ್ಟುಡಿಯೋದ ಹಣವನ್ನು ಮೂವರೂ ಹಂಚಿಕೊಂಡರೆ ನಿರ್ಮಾಪಕರು ಯಾರು, ಬಾಸ್ ವಾದಕ ಕಟ್ಟಿಕೊಟ್ಟ ಒಂದು ಪಲ್ಲವಿಯಿಂದಲೇ ರಚನೆ ನಿಂತಿದ್ದರೆ ಅವನ ಪಾಲೆಷ್ಟು ಎಂಬುದನ್ನು ಮೊದಲ ಟೇಕ್‌ಗೆ ಮುಂಚೆ ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಮಾಡಬೇಕು. ಸ್ನೇಹ ಚೆನ್ನಾಗಿರುವಾಗಲೇ ಈ ಕೆಲಸ ಸಲೀಸು. ಯಾವುದಾದರೂ ಕಂಪೆನಿಗೆ ಹಕ್ಕನ್ನು ವರ್ಗಾಯಿಸುವುದಾದರೆ ಅದು ಲಿಖಿತವಾಗಿಯೇ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಕಾಯಿದೆ ಅದನ್ನು ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಪರಿಗಣಿಸುತ್ತದೆ. ರಚನಕಾರರು 1969ರಲ್ಲಿ ಸ್ಥಾಪನೆಯಾದ, ಮುಂಬಯಿಯಲ್ಲೇ ಕಚೇರಿಯಿರುವ, ರಚನಕಾರರ ಪರವಾಗಿ ಗೌರವಧನ ಸಂಗ್ರಹಿಸುವ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯರಾಗಿ ಪ್ರತಿ ರಚನೆಯನ್ನೂ ನೋಂದಾಯಿಸಿದರೆ ಸಾರ್ವಜನಿಕ ಪ್ರಸಾರದ ಗೌರವಧನಕ್ಕೆ ದಾರಿಯಾಗುತ್ತದೆ.

ಪ್ರತಿ ಟ್ರ್ಯಾಕ್‌ಗೂ ಅದನ್ನು ಗುರುತಿಸುವ 12 ಅಕ್ಷರಾಂಕಗಳ ಐಎಸ್‌ಆರ್‌ಸಿ ಸಂಕೇತ ಬೇಕು. ವಿತರಕ ಸಂಸ್ಥೆಗಳು ಸಾಮಾನ್ಯವಾಗಿ ತಾವೇ ಒದಗಿಸುತ್ತವೆ. ಸ್ಪಾಟಿಫೈ ಸಂಪಾದಕರ ಗಮನಕ್ಕೆ ತರಲು ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಕಳುಹಿಸಿರಬೇಕು, ಆದರೆ ಐದಾರು ವಾರಗಳ ಅವಕಾಶ ಇಟ್ಟುಕೊಳ್ಳುವುದು ಜಾಣತನ. ಎಂಜಿನಿಯರ್ ಜೊತೆಗೆ ಪಿಯಾನೋ ಟ್ಯೂನರ್ ಹೆಸರನ್ನೂ ಆಲ್ಬಮ್‌ನಲ್ಲಿ ನಮೂದಿಸಿ. ಮಿಕ್ಸ್ ಆಗದ ಮೂಲ ಟ್ರ್ಯಾಕ್‌ಗಳನ್ನು ಎರಡು ಬೇರೆ ಬೇರೆ ಮನೆಗಳಲ್ಲಿ ಎರಡು ಡಿಸ್ಕ್‌ಗಳಲ್ಲಿ ಇಡಿ. ಬಿಡುಗಡೆಯ ಕಾರ್ಯಕ್ರಮಕ್ಕೆ ಎನ್‌ಸಿಪಿಎಯಂಥ (ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ) ವೇದಿಕೆ ಸಿಕ್ಕರೆ ಸಂತೋಷವೇ. ಮಾಟುಂಗದ ಮೈಸೂರು ಅಸೋಸಿಯೇಷನ್‌ನಂಥ ನಮ್ಮ ಸಂಘಗಳನ್ನೂ ಕೇಳಿನೋಡಿ. ಮೌನವಾಗಿ ಕೂತು ನಾಟಕ ನೋಡುವ ಅಭ್ಯಾಸವಿರುವ ಸಭೆಗೆ ಒಂದು ತಾಸಿನ ಟ್ರಿಯೊ ಕೇಳುವುದು ಹೊರೆಯಾಗಲಾರದು. ಅಲ್ಲಿಗೆ ಪಿಯಾನೋವನ್ನು ಬಾಡಿಗೆಗೆ ತರಿಸುವುದಾದರೆ ಸಾಗಣೆಯ ಖರ್ಚಿನ ಜೊತೆಗೆ, ವೇದಿಕೆಯ ಮೇಲೆ ಇಳಿಸಿದ ನಂತರ ಮತ್ತೊಮ್ಮೆ ಶ್ರುತಿ ಮಾಡಿಸುವ ಖರ್ಚನ್ನೂ, ಅದಕ್ಕೆ ಬೇಕಾದ ಎರಡು ಗಂಟೆಯ ನಿಶ್ಶಬ್ದವನ್ನೂ ಮೊದಲೇ ಸಂಘದವರೊಡನೆ ಮಾತಾಡಿ ಗೊತ್ತುಪಡಿಸಿಕೊಳ್ಳಿ.